ದೀಪ ಹಚ್ಚಿದ ಮೇಲೆ ಹೆಪ್ಪು

ಕೌಜಲಗಿ, ೧೮ ನವೆಂಬರ್, ಮಂಗಳವಾರ

ಸುವರ್ಣಕ್ಕನನ್ನು ಬಾಗಿಲಿನಿಂದಲೇ ಕಳಿಸಿಬಿಟ್ಟೆ. ಅದೇ ಚುಚ್ಚುತ್ತಿದೆ.

ಕಿವಿಯಲ್ಲಿ ಯಾರೋ ಬೈಯುತ್ತಾರೆ ಎನ್ನುವ ಮಗಳು ಅಕ್ಷತಾಳನ್ನು, ಗುರುತಿನವರು ಸಿಗಬಾರದೆಂದು, ಗೋಕಾಕ ದಾಟಿಸಿ ಹುಕ್ಕೇರಿಯ ಮಾನಸಿಕ ಡಾಕ್ಟರರಿಗೆ ತೋರಿಸುತ್ತೇನೆ. ಇವತ್ತು ಅಲ್ಲಿಯ ಬೆಂಚಿನ ಮೇಲೆ ನಮ್ಮ ಓಣಿಯ ಸುವರ್ಣಕ್ಕ! ಬಾಜೂಕ್ಕೆ ಅವರ ಮಗ. ಪುಣೆಯಲ್ಲಿ ನೌಕರಿಗಿದ್ದಾನೆಂದು ಊರೆಲ್ಲ ನಂಬಿರುವ ಮಗ. ಒಬ್ಬನೇ ಪಿಸುಗುಡುತ್ತ ಕುಳಿತಿದ್ದ. ನಾವಿಬ್ಬರೂ ನೋಡಿಯೂ ನೋಡದಂತೆ ಇದ್ದೆವು. ಬಸ್ಸಿನಲ್ಲೂ ಅವರು ಮುಂದೆ, ನಾವು ಹಿಂದೆ.

ಸಂಜೆ ದೀಪ ಹಚ್ಚಿದ ಮೇಲೆ ಬಟ್ಟಲು ಹಿಡಿದು ಬಂದರು. "ಶೈಲಾ, ಒಂಚೂರು ಹೆಪ್ಪು ಕೊಡವಾ."

ಒಳಗಿನಿಂದ ಅತ್ತೆ, "ಹೊತ್ತು ಮುಳುಗಿದ ಮ್ಯಾಲ ಯಾರರೆ ಹೆಪ್ಪು ಕೊಡ್ತಾರೇನ?" ಎಂದರು.

"ಮುಂಜಾನೆ ಬರ್ರಿ ಅಕ್ಕಾ" ಎಂದೆ ನಾನು.

"ಹೌದಲ್ಲ, ಮರತಬಿಟ್ಟಿದ್ದೆ ನೋಡವಾ." ಬಾಗಿಲ ಬಳಿಯ ಅಕ್ಷತಾಳ ಚಪ್ಪಲಿಗಳನ್ನು ನೋಡಿದರು. ಹೋದರು.

ಈಗ ಹಾಲಿಗೆ ಹೆಪ್ಪು ಹಾಕುವಾಗ ಹೊಳೆಯಿತು. ಅವರ ಮನೆಯಲ್ಲಿ ಹಿಂಡುವ ಎಮ್ಮೆ ಎರಡಿವೆ. ಓಣಿಗೆಲ್ಲ ಮೊಸರು ಕೊಡುವವರೇ ಅವರು.

ಮುಂಜಾನೆ ಅವರು ಬರುವುದಿಲ್ಲ. ನಾನೇ ಬಟ್ಟಲು ಹಿಡಿದು ಹೋಗಬೇಕು. ನಾಳೆ, ದೀಪ ಹಚ್ಚಿದ ಮೇಲೆ.