ನಮ್ಮವರನ್ನು ಕೇಳಿ

ಚಿಕ್ಕಬಳ್ಳಾಪುರ
18 ಸೆಪ್ಟೆಂಬರ್ 2025

ಅಕ್ಕರೆಯ ಅನಸೂಯಮ್ಮತ್ತೆಗೆ ನಿಮ್ಮ ಶರ್ವಾಣಿಯ ನಮಸ್ಕಾರಗಳು.

ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಅರ್ಧ ಮಾತು ನುಂಗಿಬಿಡುತ್ತೇನೆ, ಅದಕ್ಕೇ ಈ ಕಾಗದ. ಇನ್ನು ಪಂಚಾಯ್ತಿ ಚುನಾವಣೆಗೆ ನಿಲ್ಲುವುದಿಲ್ಲ ಎಂದಿರಂತೆ. ಅಮ್ಮ ಹೇಳಿದಾಗ ಊಟದ ತಟ್ಟೆ ಬಿಟ್ಟು ಎದ್ದೆ. ಕಾರಣ ನಾನೇ.

ನನ್ನ ಪಿಎಚ್‌ಡಿ ವಿಷಯ ತೌಲನಿಕ ರಾಜಕೀಯ ಎಂದಾಗ, "ಅವ್ರ ಮನೆ ಸಾರು ನಮ್ಮನೆ ಸಾರು ರುಚಿ ನೋಡೋದು ಅನ್ನು" ಎಂದು ನಕ್ಕಿದ್ದಿರಿ. ನಿಜಕ್ಕೂ ಅಷ್ಟೇ. ಗಡಿಯಾಚೆ ಹಿಂದೂಪುರದ ಕಡೆ ಪಂಚಾಯ್ತಿ ಹೆಂಗಸರು ತಾವೇ ತೀರ್ಮಾನಿಸುತ್ತಾರೆ, ಈಚೆ ನಿಮ್ಮ ಗೌರಿಬಿದನೂರಿನ ಕಡೆ ಗಂಡ ಹೇಳಿದ್ದಕ್ಕೆ ಕೈ ಎತ್ತುತ್ತಾರೆ ಎಂಬುದು ನನ್ನ ವಾದ.

ಹೋದ ಸಂಕ್ರಾಂತಿಗೆ ಅವರೆಕಾಯಿ ಸುಲಿಯುತ್ತಾ ನೀವು, "ನಮ್ಮೋರ್ನ ಕೇಳ್ದೆ ನಾನು ಯಾವತ್ತೂ ಕೈ ಎತ್ತಲ್ಲ ಕಣಮ್ಮ" ಎಂದಿರಿ. ನೀವು ಹೇಳಿದ್ದು ನಿಮ್ಮ ವಾರ್ಡಿನ ಜನರನ್ನು. ನನ್ನ ಪ್ರಬಂಧದಲ್ಲಿ ಅದನ್ನು ಇಂಗ್ಲಿಷಿಗೆ ತರುವಾಗ ನಾನು 'ನನ್ನ ಗಂಡನನ್ನು' ಎಂದು ಬರೆದೆ. ಹೆಂಗಸರ ಬಾಯಲ್ಲಿ ನಮ್ಮವರು ಎಂದರೆ ಗಂಡನೇ ತಾನೆ, ಗೊತ್ತಾಗದೆ ಎಡವಿದೆ.

ಆ ಸಾಲು ನಾನು ಪೇಪರಿಗೆ ಬರೆದ ಲೇಖನದಲ್ಲೂ ಬಂತು. ಹೆಸರು ಹಾಕಿರಲಿಲ್ಲ. ಮಂಚೇನಹಳ್ಳಿ ಹತ್ತಿರದ ಮೇಷ್ಟರ ಹೆಂಡತಿ ಎಂದ ಮೇಲೆ ಹೆಸರೇಕೆ ಬೇಕು? ನಿಮ್ಮೆದುರು ಸೋತ ಚಲಪತಿ ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ, "ಮನೆಗೋಗಿ ಮೇಷ್ಟ್ರನ್ನ ಕೇಳ್ಕೊಂಡ್ ಬಾರಮ್ಮ, ಕಾಯ್ತೀವಿ" ಅಂದನಂತೆ. ಎಲ್ಲರೂ ನಕ್ಕರಂತೆ. ನಲ್ಲಿ ಎಲ್ಲಿ ಬೇಕೆಂದು ಮನೆ ಮನೆ ಬಾಗಿಲಿಗೆ ಹೋಗಿ ಕೇಳಿದವರು ನೀವು. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ, ಅತ್ತೆ.

ಸೋಮವಾರ ಮೌಖಿಕ ಪರೀಕ್ಷೆಯಿದೆ. ಅಲ್ಲಿ ತಪ್ಪು ಒಪ್ಪಿಕೊಂಡು ತಿದ್ದುತ್ತೇನೆ. ವಾದವೇ ಬಿದ್ದುಹೋದರೂ ಹೋಗಲಿ. ನೀವು ಮಾತ್ರ ಈ ಸಲವೂ ನಿಲ್ಲಬೇಕು. ಮಾವನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಕ್ಷಮೆ ಬೇಡುವ,
ಶರ್ವಾಣಿ

ತಾ.ಕ.: ಇಂದು ಬುಧವಾರ. ಕಾಗದ ಇನ್ನೂ ಪೋಸ್ಟ್ ಮಾಡಿಲ್ಲ. ಗೊತ್ತಾಗದೆ ಎಡವಿದೆ ಎಂದದ್ದು ಸುಳ್ಳು. ಮಾವನನ್ನು ನೀವು 'ಮೇಷ್ಟ್ರು' ಎನ್ನುತ್ತೀರೇ ಹೊರತು ಒಂದು ದಿನವೂ 'ನಮ್ಮೋರು' ಎಂದವರಲ್ಲ. ಅವತ್ತೇ ನನಗೆ ಸರಿಯಾಗಿ ಅರ್ಥವಾಗಿತ್ತು. ಮೊನ್ನೆ ಪರೀಕ್ಷಕರೇ, ನಮ್ಮವರು ಎಂದರೆ ಊರಿನವರೂ ಆಗಬಹುದಲ್ಲವೇ ಎಂದು ಕೇಳಿದರು. ಇಲ್ಲ ಸಾರ್, ಅವರು ನನ್ನ ಸ್ವಂತ ಸೋದರತ್ತೆ, ಅವರ ಮಾತು ನನಗೆ ಗೊತ್ತಿಲ್ಲವೇ ಎಂದೆ. ನಂಬಿ ಡಾಕ್ಟರೇಟ್ ಕೊಟ್ಟರು.