ನೀರು ಏರುವವರೆಗೆ

ಅನಗೋಳ, ಬೆಳಗಾವಿ
ರವಿವಾರ, 12-2-1984

ಖಾನಾಪುರದ ನಮ್ಮ ಮನೆಯವರಿಗೆ ಚಂದ್ರವ್ವನ ಶರಣು.

ಪತ್ರ ಒಡೆದ ಅವಸರದಲ್ಲಿ ಲಕೋಟೆ ಎಸೆದಿದ್ದರೆ ಎತ್ತಿಕೊಂಡು ನೋಡಿ. ಗುರುಪುತ್ರಪ್ಪ ಎಂದು ನಿಮ್ಮ ಹೆಸರು ಬರೆದದ್ದು ನಾನೇ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಕೈಯಲ್ಲಿ ಬರೆಯಬಾರದು ಎಂದು ಈ ಎರಡು ವರ್ಷ ಉಳವಪ್ಪಣ್ಣನ ಕೈಯಿಂದ ಬರೆಸುತ್ತಿದ್ದೆ. ಈ ಸಲ ಅಣ್ಣ ಪೆನ್ನು ಹಿಡಿದು ಬಂದಾಗ ನಾನೇ ಬರೆಯುತ್ತೇನೆ ಎಂದೆ. ಅಣ್ಣ ನನ್ನ ಮುಖ ನೋಡಿ ಪೆನ್ನು ನನ್ನ ಕೈಗೆ ಕೊಟ್ಟ. ನಿಮ್ಮ ಹೆಸರು ಬರೆಯಲು ಇಷ್ಟು ಚಂದ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಸಂಕ್ರಮಣ ಕಳೆದ ಮೇಲೆ ನೀವು ಬರೆದ ಕಾರ್ಡು ತಲುಪಿದೆ. ಬರುತ್ತೀಯೋ ಇಲ್ಲವೋ, ಒಂದು ಮಾತು ತಿಳಿಸು ಎಂದು ಎರಡೇ ಸಾಲು ಬರೆದಿದ್ದೀರಿ. ಕೇಳುವುದು ನ್ಯಾಯ. ಎಷ್ಟು ದಿನ ಅಂತ ಒಬ್ಬ ಗಂಡಸು ಒಲೆ ಊದಿಕೊಂಡು, ಹಂಚಿನ ಕಾರ್ಖಾನೆಗೂ ಹೋಗಿ ಬರಬೇಕು? ಉತ್ತರ ಕೊಡುತ್ತೇನೆ. ಆದರೆ ಮೊದಲು ಹೋದ ರವಿವಾರದ ಸುದ್ದಿ ಕೇಳಬೇಕು. ಅದನ್ನು ಕೇಳದೆ ನನ್ನ ಉತ್ತರ ನಿಮಗೆ ತಿಳಿಯುವುದಿಲ್ಲ.

ನನ್ನ ಹತ್ತಿರ ಈಗ ಒಂದು ಗಾಡಿ ಇದೆ. ರವಿವಾರ ಪೇಟೆಯಲ್ಲಿ ಸನಾಉಲ್ಲಾ ಎಂಬವರ ಸೈಕಲ್ ಅಂಗಡಿ. ಅವರ ಮನೆಯವರಿಗೆ ನಾನು ಝಂಪರು ಹೊಲಿದುಕೊಡುತ್ತೇನೆ, ಆ ಗುರುತು. ದಸರೆಯ ಹೊತ್ತಿಗೆ ಅವರು ಅನಗೋಳಕ್ಕೇ ಬಂದು, ಸಿಂಪಿಗರ ಹಾಗೆ ನನ್ನ ತೋಳಿನ ಅಳತೆ ತೆಗೆದುಕೊಂಡು ಹೋಗಿ ಗಾಡಿ ಕಟ್ಟಿಕೊಟ್ಟರು. ಮೂರು ಗಾಲಿ, ಕೂಡಲು ಬೆತ್ತದ ಕುರ್ಚಿ, ಎದೆಯ ಮುಂದೆ ಕೈಯಿಂದ ತಿರುಗಿಸುವ ಪೆಡಲ್, ಎರಡು ಬ್ರೇಕು. ಹಿಂದೆ ಬಟ್ಟೆಯ ಗಂಟು ಇಡಲು ಒಂದು ತಗಡಿನ ಪೆಟ್ಟಿಗೆ. ಮೊದಲ ವಾರ ಓಣಿಯ ಎಮ್ಮೆಗಳೂ ನನಗೆ ಹೆದರಿದವು. ಈಗ ಕಾಯಿಪಲ್ಯೆ ತರುವುದು, ಅಣ್ಣನ ಮಗಳನ್ನು ಸಾಲಿಗೆ ಬಿಡುವುದು ಎಲ್ಲ ನನ್ನದೇ ಕೆಲಸ. ಲಾರಿ ನನ್ನ ಬಲಗಾಲನ್ನು ನಂದಗಡದ ರಸ್ತೆಯಲ್ಲೇ ಇಟ್ಟುಕೊಂಡಿತು, ಎಡಗಾಲು ನೆಪಕ್ಕೆ ಮಾತ್ರ ಉಳಿಯಿತು. ತೋಳುಗಳನ್ನು ನೋಡಿದರೆ ನೀವು ನನ್ನನ್ನು ಪೈಲವಾನಳು ಎಂದು ನಗುತ್ತೀರಿ.

ನಮ್ಮ ಓಣಿಯ ಅಕ್ಕನ ಬಳಗದವರು ಗೋವೆಗೆ ಒಂದು ದಿನದ ಪ್ರವಾಸ ಹೊರಟರು. ಬಳಗದ ಹಿರಿಯಳು ಭರಮವ್ವಕ್ಕ. ದೊಡ್ಡ ಕುಂಕುಮ, ದೊಡ್ಡ ದನಿ, ಮನಸ್ಸೂ ದೊಡ್ಡದೇ, ಆದರೆ ಎಲ್ಲರ ಪರವಾಗಿ ತಾನೇ ಯೋಚಿಸಿ ಮುಗಿಸಿರುತ್ತಾಳೆ. ಪಣಜಿಯಿಂದ ಲಾಂಚಿನಲ್ಲಿ ಹೊರಟು, ಮಾಂಡವಿ ನದಿಯ ನಡುವಿನ ಒಂದು ದ್ವೀಪದಲ್ಲಿ ಇಳಿದು, ನಾಲ್ಕು ತಾಸು ಅಡ್ಡಾಡಿ ತಿರುಗಿ ಬರುವುದು ಎಂದು ಗೊತ್ತಾಗಿತ್ತು. ನಾನೂ ಬರುತ್ತೇನೆ ಎಂದೆ. ಗಾಡಿಯನ್ನು ಬಸ್ಸಿನ ಟಪ್ಪಿನ ಮೇಲೆ ಕಟ್ಟಿಸಿದೆ. ಬಸ್ಸಿನ ಮೆಟ್ಟಿಲಿಗೆ ಬೆನ್ನು ಕೊಟ್ಟು ಕುಳಿತು, ಕೈಯೂರಿ ಒಂದೊಂದೇ ಮೆಟ್ಟಿಲು ಏರಿದೆ. ಹದಿನಾಲ್ಕು ಮಂದಿ ಹೆಂಗಸರು ಉಸಿರು ಬಿಗಿಹಿಡಿದು ನೋಡಿದರು.

ಬಸ್ಸು ಖಾನಾಪುರದ ಮೇಲೆಯೇ ಹೋಯಿತು. ಎಲ್ಲರೂ ಚಹಾಕ್ಕೆ ಇಳಿದರು. ಆಗಷ್ಟೇ ಬೆಳಕು ಹರಿದಿತ್ತು. ಕಿಟಕಿಯಿಂದ ನಮ್ಮ ಓಣಿಗೆ ತಿರುಗುವ ಮೂಲೆ ಕಾಣುತ್ತಿತ್ತು. ನೀವು ಎದ್ದಿರುತ್ತೀರಿ, ಹಂಡೆಗೆ ನೀರು ತುಂಬುತ್ತಿರುತ್ತೀರಿ ಎಂದುಕೊಂಡೆ. ಯಾರನ್ನಾದರೂ ಕಳಿಸಿ ಕರೆಸಬಹುದಿತ್ತು. ಕರೆಸಲಿಲ್ಲ. ಕರೆಸಿದ್ದರೆ ನೀವು ಓಡಿ ಬಂದು, ಇಷ್ಟು ದೂರದ ದಾರಿ ನಿನಗೆ ಆಗುವುದಿಲ್ಲ ಎಂದು ನನ್ನನ್ನು ಬಸ್ಸಿನಿಂದ ಎತ್ತಿಕೊಂಡು ಮನೆಗೆ ಒಯ್ಯುತ್ತಿದ್ದಿರಿ.

ಪಣಜಿಯಲ್ಲಿ ಲಾಂಚಿಗೆ ಇಳಿಯುವ ಹಲಗೆ ಸ್ವಲ್ಪವೇ ಇಳಿಜಾರಾಗಿತ್ತು. ಬ್ರೇಕು ಹಿಡಿದು ನಾನೇ ಇಳಿದೆ. ಕಷ್ಟ ಬಂದದ್ದು ದ್ವೀಪದಲ್ಲಿ. ನಾವು ಹೋದಾಗ ಹೊಳೆಯ ನೀರು ತಗ್ಗಿತ್ತು. ಲಾಂಚು ಕೆಳಗೆ, ಕಲ್ಲಿನ ಧಕ್ಕೆ ಒಂದು ಮೊಳಕ್ಕಿಂತ ಮೇಲೆ. ಧಕ್ಕೆಯ ಅಂಚಿನಲ್ಲಿ ಜಾಗ ಇದ್ದದ್ದೇ ಸ್ವಲ್ಪ, ಹಲಗೆಯೂ ಗಿಡ್ಡ. ಅದನ್ನು ಹಾಕಿದರೆ ನಿಚ್ಚಣಿಕೆಯ ಹಾಗೆ ನಿಂತಿತು. ಬಾಕಿಯವರೆಲ್ಲ ಒಬ್ಬರ ಕೈ ಒಬ್ಬರು ಹಿಡಿದು, ಸೀರೆ ಎತ್ತಿಕಟ್ಟಿ ಹತ್ತಿದರು. ಭರಮವ್ವಕ್ಕ ಧಕ್ಕೆಯ ಮೇಲೆ ನಿಂತು ಬುತ್ತಿಯ ಗಂಟುಗಳನ್ನೆಲ್ಲ ನನ್ನ ಸುತ್ತ ಇಡಿಸಿದಳು.

"ನೀ ಇಲ್ಲೇ ನೆಳ್ಳಾಗ ಕುಂದರವಾ ಚಂದ್ರವ್ವಾ, ಬುತ್ತಿ ನೋಡ್ಕೋತ. ನಾವು ಹಿಂಗ ಹೋಗಿ ಹಂಗ ಬರ್ತೀವಿ," ಎಂದಳು.

ಖರೇ ಹೇಳುತ್ತೇನೆ, ಆಗ ನನಗೆ ಬಂದ ಸಿಟ್ಟು ಲಾಂಚನ್ನೇ ಮುಳುಗಿಸುವಷ್ಟಿತ್ತು. ಜಾತ್ರೆಗೆ ಹೋದರೆ ಚಪ್ಪಲಿ ಕಾಯಲು, ಲಗ್ನಕ್ಕೆ ಹೋದರೆ ಟ್ರಂಕು ಕಾಯಲು, ಇಲ್ಲಿಗೆ ಬಂದರೆ ಬುತ್ತಿ ಕಾಯಲು. ಕಾಲಿಲ್ಲದವಳಿಗೆ ಕಣ್ಣಾದರೂ ಇದೆಯಲ್ಲ, ಅದನ್ನು ಬಳಸಿಕೊಳ್ಳೋಣ ಎಂಬುದು ಎಲ್ಲರ ಲೆಕ್ಕ. ಅಳು ಬಂತು. ಯಾರಿಗೂ ಕಾಣದ ಹಾಗೆ ಸೆರಗು ಎಳೆದುಕೊಂಡು ಅತ್ತೆ.

ಲಾಂಚು ನಡೆಸುವ ಮುದುಕ, ಕಾಯ್ತಾನ ಎಂದು ಅವನ ಹೆಸರು, ಅದನ್ನು ನೋಡಿದ. ಹತ್ತಿರ ಬಂದು, ಅಕ್ಕಾ ಎನ್ನುವ ಹಾಗೆ ಬಾಯೀ ಎಂದು ಕರೆದು, ಯಾಕೆ ಅಳುತ್ತೀ ಎಂದು ಕೇಳಿದ. ನಮ್ಮ ಖಾನಾಪುರದ ಮರಾಠಿ ಅಲ್ಲಿ ಕೆಲಸಕ್ಕೆ ಬಂತು. ಮೇಲೆ ಹೋಗಬೇಕಿತ್ತು, ಆಗಲಿಲ್ಲ ಎಂದೆ. ಆತ ನನ್ನನ್ನು ನೋಡಲಿಲ್ಲ, ನೀರನ್ನು ನೋಡಿದ. ಈಗ ಭರತಿ ಶುರುವಾಗಿದೆ, ಸಮುದ್ರದ ನೀರು ಒಳಗೆ ಬರುತ್ತಿದೆ, ಇನ್ನು ಒಂದೂಕಾಲು ತಾಸಿಗೆ ಲಾಂಚೇ ಮೇಲೆ ಏರಿ ಧಕ್ಕೆಯ ಸಮಕ್ಕೆ ನಿಲ್ಲುತ್ತದೆ, ಅಲ್ಲಿಯವರೆಗೆ ತಾಳ್ಮೆ ಇದೆಯೇ ಎಂದು ಕೇಳಿದ. ನಾನು ನಂಬಲಿಲ್ಲ. ನಮ್ಮ ಮಲಪ್ರಭೆ ಮಳೆಗಾಲದಲ್ಲಿ ಏರುತ್ತಾಳೆ, ಬೇಸಿಗೆಯಲ್ಲಿ ಇಳಿಯುತ್ತಾಳೆ. ಚಹಾ ಕುಡಿದು ಮುಗಿಸುವುದರಲ್ಲಿ ಏರುವ ಹೊಳೆಯನ್ನು ನಾನು ಎಲ್ಲಿ ಕಂಡಿದ್ದೆ?

ಧಕ್ಕೆಯ ಕಲ್ಲಿನ ಮೇಲೆ ಹಸಿರು ಪಾಚಿಯ ಗೆರೆಗಳಿದ್ದವು. ಒಂದು ಗೆರೆಯ ಮೇಲೆ ಕಣ್ಣಿಟ್ಟು ಕುಳಿತೆ. ಅದು ಮುಳುಗಿತು. ಇನ್ನೊಂದನ್ನು ಹಿಡಿದೆ, ಅದೂ ಮುಳುಗಿತು. ನನ್ನ ಕುರ್ಚಿ, ಗಾಡಿ, ಹದಿನಾಲ್ಕು ಮಂದಿಯ ಬುತ್ತಿ, ಇಡೀ ಲಾಂಚು, ಎಲ್ಲವೂ ಸದ್ದಿಲ್ಲದೆ ಮೇಲೆ ಹೋಗುತ್ತಿದ್ದವು. ಕಡೆಗೆ ಕಾಯ್ತಾನ ಹಲಗೆ ಎತ್ತಿ ಹಾಕಿದ. ಅದು ನಮ್ಮ ಪಡಸಾಲೆಯ ನೆಲದ ಹಾಗೆ ಮಟ್ಟಸವಾಗಿ ಮಲಗಿತು. ಬುತ್ತಿಯ ಗಂಟುಗಳನ್ನು ಪೆಟ್ಟಿಗೆಯಲ್ಲಿ, ಮಡಿಲಲ್ಲಿ, ಹಿಡಿಕೆಗೆ ಎಲ್ಲ ಕಟ್ಟಿಕೊಂಡು, ಹತ್ತು ಸಲ ಪೆಡಲ್ ತಿರುಗಿಸಿ ದ್ವೀಪಕ್ಕೆ ಇಳಿದೆ.

ಎಂಥ ರಸ್ತೆ ಅಂತೀರಿ! ಎರಡೂ ಬಾಜು ಗದ್ದೆ, ನಡುವೆ ಏರಿಲ್ಲ, ಇಳಿವಿಲ್ಲ, ಡಾಂಬರು. ಬೆಳಗಾವಿಯ ತಗ್ಗು ದಿನ್ನೆಗಳಲ್ಲಿ ಪಳಗಿದ ತೋಳಿಗೆ ಅದು ಆಟ. ಬೆಳ್ಳಕ್ಕಿಗಳು ಎದ್ದು ಕೂತವು. ಒಬ್ಬ ಪಾದ್ರಿ ಸೈಕಲ್ಲಿನಲ್ಲಿ ಎದುರಾಗಿ ಟೋಪಿ ತೆಗೆದ. ನಾನು ಜೋರಾಗಿ ನಕ್ಕೆ. ಎರಡು ವರ್ಷಗಳ ನಂತರ ನನ್ನ ನಗು ನನಗೇ ಕೇಳಿಸಿತು.

ಒಂದು ಮೈಲು ಹೋಗುವುದರಲ್ಲಿ ನಮ್ಮವರು ಕಂಡರು. ಗುಡ್ಡದ ಬುಡದ ಮಾವಿನ ಮರದ ಕೆಳಗೆ ಹದಿನಾಲ್ಕೂ ಮಂದಿ ಕಾಲು ಚಾಚಿ ಕುಳಿತಿದ್ದರು. ಬಿಸಿಲಿಗೆ ಮುಖಗಳೆಲ್ಲ ಬದನೆಕಾಯಿ. ಹೊಟ್ಟೆ ಹಸಿದಿದೆ, ಆದರೆ ಲಾಂಚಿಗೆ ತಿರುಗಿ ನಡೆಯಲು ಯಾರಿಗೂ ಮನಸ್ಸಿಲ್ಲ. ಭರಮವ್ವಕ್ಕ ನನ್ನನ್ನು ಕಂಡು ಎದ್ದು ನಿಂತಳು. ಯಾರು ಎತ್ತಿ ಇಳಿಸಿದರು ಎಂದು ಕೇಳಿದಳು. ನೀರು ಎತ್ತಿತು ಎಂದೆ. ತಲೆಗೆ ಬಿಸಿಲು ಹತ್ತಿದೆ ಎಂದುಕೊಂಡು ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಬಿಚ್ಚಿದ ಮೇಲೆ ಯಾರೂ ಏನೂ ಕೇಳಲಿಲ್ಲ. ಉಂಡವರು ಮರದ ಕೆಳಗೇ ಅಡ್ಡಾದರು. ನಾನು ಗಾಡಿ ತಿರುಗಿಸಿಕೊಂಡು, ಒಬ್ಬಳೇ, ರಸ್ತೆ ಮುಗಿಯುವವರೆಗೂ ಹೋಗಿ ದ್ವೀಪದ ಆಚೆಯ ದಂಡೆ ನೋಡಿಕೊಂಡು ಬಂದೆ. ಅದನ್ನು ಕಂಡವಳು ನಾನೊಬ್ಬಳೇ.

ಮೂರು ಗಂಟೆಗೆ ಲಾಂಚು ಸೀಟಿ ಹಾಕಿತು. ಅಷ್ಟೊತ್ತಿಗೆ ನೀರು ಇನ್ನೂ ಏರಿ, ಈಗ ಲಾಂಚೇ ಧಕ್ಕೆಗಿಂತ ಎತ್ತರವಾಗಿತ್ತು. ಹಲಗೆ ಮತ್ತೆ ಕಡಿದಾಗಿ ನಿಂತಿತು, ಈ ಸಲ ಧಕ್ಕೆಯಿಂದ ಲಾಂಚಿನ ಕಡೆಗೆ. ಕಾಯಲು ಹೊತ್ತಿಲ್ಲ. ಲಾಂಚಿನ ಇಬ್ಬರು ಆಳುಗಳು ಬಂದು, ಮಾತಿಲ್ಲದೆ, ಒಬ್ಬ ನನ್ನ ಬಗಲಿಗೆ ಕೈ ಹಾಕಿದ, ಇನ್ನೊಬ್ಬ ಕಾಲಿಗೆ. ನಾನು ಗಾಡಿಯ ಹಿಡಿಕೆ ಬಿಡಲಿಲ್ಲ. ಕಾಯ್ತಾನ ಮೇಲಿನಿಂದ ನೋಡಿ ಅವರನ್ನು ಗದರಿಸಿ ನಿಲ್ಲಿಸಿದ. ಆಮೇಲೆ ನನ್ನನ್ನು ಕೇಳಿದ, ಹೇಗೆ ಮಾಡೋಣ ಬಾಯೀ ಎಂದು.

ಲಾರಿ ಬಡಿದ ಮೇಲೆ, ಈ ಮೂರು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಹಾಗೆ ಕೇಳಿದ್ದು. ಆಸ್ಪತ್ರೆಯಲ್ಲಿ ಕೇಳಲಿಲ್ಲ, ಮನೆಯಲ್ಲಿ ಕೇಳಲಿಲ್ಲ. ಹಗ್ಗ ತರಿಸಿದೆ. ಗಾಡಿಯ ಮುಂದಿನ ಕೊಳವೆಗೆ ಎಲ್ಲಿ ಕಟ್ಟಬೇಕು ಎಂದು ತೋರಿಸಿದೆ. ಎತ್ತಬೇಡಿ, ಎಳೆಯಿರಿ, ಪೆಡಲ್ ನಾನು ತಿರುಗಿಸುತ್ತೇನೆ, ಹಿಂದೆ ಇಬ್ಬರು ಗಾಲಿಗೆ ಕೈ ಕೊಡಿ ಎಂದೆ. ಹಿಂದೆ ಕೈ ಕೊಟ್ಟವರಲ್ಲಿ ಭರಮವ್ವಕ್ಕನೂ ಇದ್ದಳು. ನಡುವಿನಲ್ಲಿ ಗಾಲಿ ಜಾರಿ ಎಲ್ಲರೂ ಚೀರಿದರು. ನಾನು ಬ್ರೇಕು ಹಿಡಿದೆ, ಉಸಿರು ತೆಗೆದುಕೊಂಡೆ, ಮತ್ತೆ ತಿರುಗಿಸಿದೆ. ಮೇಲೆ ಮುಟ್ಟಿದಾಗ ಭರಮವ್ವಕ್ಕ ಬೆವರು ಒರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವ ಹಾಗೆ, "ಇನ್ನ ಮ್ಯಾಲೆ ನಮ್ಮ ಟ್ರಿಪ್ಪಿನ ಹಿರೇತನ ಚಂದ್ರವ್ವಂದು, ನಾ ಬುತ್ತಿ ಕಾಯ್ತೀನಿ," ಎಂದಳು.

ಈಗ ನಿಮಗೆ ಹೇಳಬೇಕಾದದ್ದು. ನಾನು ಯಾಕೆ ಹೊರಟು ಬಂದೆ ಎಂದು ನಿಮಗೆ ಗೊತ್ತಿಲ್ಲ. ಮಕ್ಕಳಾಗಲಿಲ್ಲ ಎಂಬ ಸಂಕಟಕ್ಕೆ, ಅತ್ತೆಯವರ ಮಾತಿಗೆ ಎಂದೆಲ್ಲ ಜನ ಆಡಿಕೊಂಡರು. ಅದು ಯಾವುದೂ ಅಲ್ಲ. ನೀವು ನನ್ನನ್ನು ಬಹಳ ಚೆನ್ನಾಗಿ ನೋಡಿಕೊಂಡಿರಿ, ಅದಕ್ಕೇ ಬಂದೆ. ಹಾಸಿಗೆಯಿಂದ ಅಂಗಳಕ್ಕೆ, ಅಂಗಳದಿಂದ ಹಾಸಿಗೆಗೆ, ಎತ್ತಿದಿರಿ, ಇಳಿಸಿದಿರಿ. ಒಂದು ದಿನವೂ ಬೇಸರಪಡಲಿಲ್ಲ. ಡಾಕ್ಟರು ಎಲ್ಲಿ ನೋವು ಎಂದು ನನ್ನನ್ನು ಕೇಳಿದರೆ ನೀವು ಹೇಳಿದಿರಿ. ನಿಮ್ಮ ತಂಗಿಯ ಲಗ್ನದಲ್ಲಿ ನಾನು ಗೆಳತಿಯರ ಜೊತೆ ಮಾತಾಡುತ್ತಿದ್ದೆ, ಗದ್ದಲ ಹೆಚ್ಚಾಯಿತು ಎಂದು ಬಂದು, ಅರ್ಧ ಮಾತಿನಲ್ಲಿ ನನ್ನನ್ನು ಎತ್ತಿಕೊಂಡು ಒಳಗೆ ಮಲಗಿಸಿದಿರಿ. ಆ ಮಾತು ಇನ್ನೂ ಅರ್ಧವೇ ಉಳಿದಿದೆ. ಇದನ್ನು ಬಾಯಿಬಿಟ್ಟು ಹೇಳಿದರೆ ನಿಮಗೆ ನೋವಾಗುತ್ತದೆ ಎಂದು ಸುಮ್ಮನೆ ಹೊರಟು ಬಂದೆ. ಅದು ನನ್ನ ತಪ್ಪು.

ನನಗೆ ಸಹಾಯ ಬೇಡ ಎಂದಲ್ಲ. ಆ ದಿನ ನಾಲ್ಕು ಮಂದಿಯ ಸಹಾಯ ತೆಗೆದುಕೊಂಡೆ. ಮುಟ್ಟುವ ಮೊದಲು ಕೇಳಬೇಕು, ಬೇಡ ಎಂದರೆ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಇಷ್ಟು ಆಗುತ್ತದೆಯೇ? ಆಗುತ್ತದೆ ಎಂದಾದರೆ ಬರೆಯಿರಿ. ನೋಡಿ ಯೋಚಿಸುತ್ತೇನೆ.

ಅಂಗೈ ತುಂಬ ಬೊಬ್ಬೆ ಎದ್ದಿದ್ದರೂ ನೆಟ್ಟಗೆ ಅಕ್ಷರ ಬರೆದ,
ನಿಮ್ಮ
ಚಂದ್ರವ್ವ

ತಾ.ಕ.: ಯೋಚಿಸುತ್ತೇನೆ ಎಂದು ಬರೆದದ್ದು ಸುಳ್ಳು. ಮೊನ್ನೆ ಗುರುವಾರ ನಾನು ಖಾನಾಪುರಕ್ಕೆ ಬಂದಿದ್ದೆ. ಗಾಡಿಯನ್ನು ಗಾರ್ಡಿನ ಡಬ್ಬಿಯಲ್ಲಿ ಹಾಕಿಸಿ ಬೆಳಗಿನ ಪ್ಯಾಸೆಂಜರಿಗೆ ಒಬ್ಬಳೇ ಬಂದೆ. ನೀವು ಕಾರ್ಖಾನೆಗೆ ಹೋಗಿದ್ದಿರಿ. ಬಾಜು ಮನೆಯ ಅಕ್ಕವ್ವನಿಂದ ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡಿದ್ದೇನೆ, ಅವಳನ್ನು ಬೈಯಬೇಡಿ. ಬಾಗಿಲಿನ ಮುಂದಿನ ಮೂರು ಮೆಟ್ಟಿಲನ್ನು ಒಡೆದು ನೀವು ಇಳಿಜಾರು ಕಟ್ಟಿದ್ದೀರಿ. ದೀಪಾವಳಿಯಲ್ಲೇ ಕಟ್ಟಿದಿರಂತೆ, ನಿಮ್ಮ ಕೈಯಿಂದಲೇ. ಕಾರ್ಡಿನಲ್ಲಿ ಅದನ್ನು ಯಾಕೆ ಬರೆಯಲಿಲ್ಲ? ಅದನ್ನು ನೋಡುತ್ತ ಅಂಗಳದಲ್ಲಿ ಎಷ್ಟೋ ಹೊತ್ತು ಅತ್ತೆ. ಮೂರು ಸಲ ಹತ್ತಲು ನೋಡಿದೆ, ಮೂರು ಸಲವೂ ಹಿಂದಕ್ಕೆ ಉರುಳಿದೆ. ತೀರಾ ಕಡಿದಾಗಿದೆ. ನೀವು ಕಟ್ಟಿದ್ದು ಎರಡು ಮೊಳ, ಆರು ಮೊಳ ಬೇಕು. ನುಗ್ಗೆಯ ಗಿಡದವರೆಗೆ ಉದ್ದ ಮಾಡಿ, ಮೇಲೆ ನುಣ್ಣಗೆ ಮಾಡಬೇಡಿ, ಸಿಮೆಂಟಿಗೆ ದಿನಾ ನೀರು ಹಾಕಿ. ಇಪ್ಪತ್ತನೇ ತಾರೀಖು ಸೋಮವಾರ ಅದೇ ಪ್ಯಾಸೆಂಜರಿಗೆ ಬರುತ್ತೇನೆ. ಕಾರ್ಖಾನೆಗೆ ರಜೆ ಹಾಕಿ. ಸ್ಟೇಷನ್ನಿಗೆ ಬರಬೇಡಿ, ಅಂಗಳಕ್ಕೂ ಬರಬೇಡಿ. ಬಾಗಿಲು ಹಾಕಿಕೊಂಡು ಒಳಗೆ ಕುಳಿತಿರಿ. ನಾನೇ ಹತ್ತಿ ಬಂದು ಬಡಿಯುತ್ತೇನೆ.