ನೆಲಮಾಳಿಗೆಯ ಬಾಣಂತಿ ಸೊಪ್ಪು

ನವೆಂಬರ್ 9, ಭಾನುವಾರ

ಇವತ್ತೂ ಕುಂಡಗಳನ್ನು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಸಾಗಿಸಿದ್ದೇ ಕೆಲಸ. ಪ್ರಯೋಜನವಿಲ್ಲ. ಮಿನ್ನೆಸೋಟದ ಚಳಿಗಾಲ, ಈ ಮನೆಯ ಕಿಟಕಿಗಳೆಲ್ಲ ಉತ್ತರಕ್ಕೆ. ಬೇಸಿಗೆಯಲ್ಲಿ ಮನೆ ನೋಡಲು ಬಂದಾಗ ಮೆಟ್ಟಿಲು ಕಡಿಮೆಯೇ, ಮಂಡಿ ತಡೆದೀತೇ ಎಂದಷ್ಟೇ ನೋಡಿದೆವು. ಬಿಸಿಲು ಎಲ್ಲಿಂದ ಬರುತ್ತದೆ ಎಂದು ನೋಡಲಿಲ್ಲ. ಹಳೆಯ ಮನೆಯಲ್ಲಿ ಹೆಂಡತಿ ಯೂವಾಳ ಗಿಡಗಳು ಚಳಿಗಾಲವಿಡೀ ದಕ್ಷಿಣದ ಕಿಟಕಿಯಲ್ಲಿ ಹಾಯಾಗಿದ್ದವು. ಇಲ್ಲಿ ಮುಟ್ಟಿದರೆ ಎಲೆ ಕೈಗೇ ಬರುತ್ತದೆ.

ಬಾಣಂತಿ ಸೊಪ್ಪು ಇವು. ಕೆಂಪೆಲೆಯದು, ಲೋಳೆ ಎಲೆಯದು, ಬಜೆಯ ಹಾಗೆ ಘಮ್ಮೆನ್ನುವ ಸಣ್ಣ ಹುಲ್ಲು. ಲಾವೋಸ್ ಮೂಲದ ನಮ್ಮ ಹ್ಮಾಂಗ್ ಜನರಲ್ಲಿ ಹೆಂಗಸರು ಹೆತ್ತ ಮೇಲೆ ತಿಂಗಳಿಡೀ ಈ ಸೊಪ್ಪು ಹಾಕಿ ಕುದಿಸಿದ ಕೋಳಿ ಸಾರನ್ನೇ ಉಣ್ಣುವುದು. ಎಲ್ಲ ನನ್ನ ಅಮ್ಮ ಕೊಟ್ಟ ಕಡ್ಡಿಗಳ ಸಂತತಿ.

ಸೊಸೆ ಗಾವ್ನೂಗೆ ಫೆಬ್ರವರಿ ಕೊನೆಗೆ ದಿನ ತುಂಬುತ್ತದೆ. ಆದರೆ ಗಟ್ಟಿಯಾಗಿ ಹೇಳುವಂತಿಲ್ಲ. ಕಳೆದ ವರ್ಷ ಐದು ತಿಂಗಳಿಗೇ ಗರ್ಭ ಹೋಯಿತು. ಈ ಸಲ ಅವಳದು ಒಂದೇ ಮಾತು — ಏನೂ ಕೊಳ್ಳಬೇಡಿ, ಏನೂ ಸಿದ್ಧ ಮಾಡಬೇಡಿ.

"ಮಾರ್ಕೆಟ್ಟಲ್ಲಿ ಫ್ರೀಜರ್ ಸೊಪ್ಪು ಸಿಗುತ್ತಲ್ಲೇ," ಎಂದೆ ಯೂವಾಗೆ.

"ಹೆತ್ತವಳಿಗೆ ಐಸ್ ತಿನ್ನಿಸ್ತೀರಾ, ಫೂವೆ ಅಪ್ಪಾ? ನಿಮ್ಮಮ್ಮ ನಂಗೆ ಹಸೀದೇ ಹಾಕಿದ್ರು."

ಮಗ ಫೂವೆ ಹುಟ್ಟಿದ ಮೇಲೆ ಇವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಅಮ್ಮನ ಹೆಸರು ಎತ್ತಿದಳೆಂದರೆ ಮಾತು ಮುಗಿಯಿತು.

ನವೆಂಬರ್ 14

ಮನೆಯೊಳಗೆ ಗಿಡ ಬೆಳೆಸುವ ಟೆಂಟು ಬಂತು. ಒಳಗೆಲ್ಲ ಬೆಳ್ಳಿ ಹಾಳೆ, ಎದುರಿಗೆ ಜಿಪ್ಪು. ಬಟ್ಟೆಯ ಬೀರುವಿನಷ್ಟು. ಫೋನಿನಲ್ಲಿ ನೋಡಿ ಒಂದು ಎಲ್‌ಇಡಿ ದೀಪವನ್ನೂ ತರಿಸಿದೆ. ಪೆಟ್ಟಿಗೆಯ ಮೇಲೆ ಸಾವಿರ ವ್ಯಾಟು ಎಂದು ದೊಡ್ಡದಾಗಿ ಬರೆದಿದೆ. ಸಾವಿರ ಇದ್ದ ಮೇಲೆ ಇನ್ನೇನು ಎಂದುಕೊಂಡೆ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಮೆಷಿನ್ ಪಕ್ಕ ನಿಲ್ಲಿಸಿ ಸ್ವಿಚ್ ಹಾಕಿದರೆ — ನೇರಳೆ! ಗೋಡೆ ನೇರಳೆ, ನನ್ನ ಕೈ ನೇರಳೆ. ಯೂವಾ ಬಟ್ಟೆ ಬುಟ್ಟಿ ಹಿಡಿದು ಮೆಟ್ಟಿಲ ಮೇಲೆಯೇ ನಿಂತಳು.

"ಏನಿದು, ಬಾರ್ ತೆಗೆದ್ರಾ? ಪಕ್ಕದ್ಮನೆ ಆರ್ಲೀನ್ ಟೆಂಟಿನ ಪೆಟ್ಟಿಗೆ ನೋಡಿ ಆಗ್ಲೇ ಕೇಳಿದ್ರು, ನಿಮ್ಮೆಜಮಾನ್ರು ಗಾಂಜಾ ಬೆಳೀತಾರಾ ಅಂತ."

"ನೀನೇನಂದೆ?"

"ಬೆಳೆದ್ರೆ ನಿಮಗೂ ಕೊಡ್ತೀವಿ ಅಂದೆ."

ನವೆಂಬರ್ 22

ಸರಿಯಿಲ್ಲ. ಆ ಬೆಳಕಿನಲ್ಲಿ ಎಲೆಯ ಬಣ್ಣವೇ ತಿಳಿಯದು, ಎಲ್ಲ ಕಪ್ಪು. ಕುಂಡವನ್ನು ಹೊರಗೆ ತಂದು ನೋಡಿದರೆ ಕಾಂಡ ಮಾತ್ರ ಸಪೂರವಾಗಿ ಉದ್ದುದ್ದ ಎದ್ದಿದೆ. ಕತ್ತು ಚಾಚಿ ಯಾರನ್ನೋ ಹುಡುಕುವ ಹಾಗೆ. ಬೆಳಕು ಸಾಲದು. ದೀಪವನ್ನು ಇಳಿಸಿ ಗಿಡದ ತಲೆಯ ಹತ್ತಿರಕ್ಕೇ ತಂದೆ.

ನವೆಂಬರ್ 25

ಕೆಂಪೆಲೆಯ ತುದಿಗಳು ಬೆಳ್ಳಗಾಗಿವೆ. ಕಾಗದದಷ್ಟು ಬೆಳ್ಳಗೆ. ದೀಪದ ನೇರ ಕೆಳಗಿನವು ಮಾತ್ರ. ಮೂಲೆಯಲ್ಲಿರುವವು ಇನ್ನೂ ಕತ್ತು ಚಾಚುತ್ತಿವೆ. ನಡುವೆ ಸುಡುತ್ತದೆ, ಬದಿಗೆ ತಲುಪುವುದಿಲ್ಲ. ಇದೆಂಥ ದೀಪ!

ಯೂವಾ ಸುಟ್ಟ ಎಲೆಗಳನ್ನು ಒಂದೊಂದಾಗಿ ಚಿವುಟಿ ತೆಗೆದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನವೆಂಬರ್ 26

ಯೂನಿವರ್ಸಿಟಿ ಅವೆನ್ಯೂವಿನಲ್ಲಿ, ಗಿಡಗಳಿಗೆ ಹಾಕುವ ದೀಪ ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ಗಡ್ಡದವನು, ಡಾರೆಲ್ ಅಂತ. ತೋಳಿನ ತುಂಬ ಹಚ್ಚೆ.

"ಯಾವ ತಳಿ ಹಾಕಿದೀರಿ, ಸಾರ್?"

"ಕೋಳಿ ಸಾರಿನ ಸೊಪ್ಪು."

"ಹೋ ಹೋ! ಈ ಹೆಸರು ನಾನೇ ಕೇಳಿಲ್ಲ. ಕಿಕ್ ಹೆಂಗೆ?"

ಫೋಟೋ ತೋರಿಸಿದೆ. ಬಾಣಂತಿ, ಸಾರು, ಸೊಸೆ, ಎಲ್ಲ ಹೇಳಬೇಕಾಯಿತು. ಗಾಂಜಾ ಎಂದುಕೊಂಡಿದ್ದವನ ಮುಖ ಕೆಂಪಗಾಯಿತು ಪಾಪ. ಕುರ್ಚಿ ಎಳೆದು ಕೂರಿಸಿ ಕಾಫಿ ಕೊಟ್ಟ.

"ಪೆಟ್ಟಿಗೆ ಮೇಲಿನ ವ್ಯಾಟು ಮರೆತುಬಿಡಿ. ಗೋಡೆಯಿಂದ ನಿಜವಾಗಿ ಎಷ್ಟು ಕರೆಂಟ್ ಎಳೆಯುತ್ತೋ ಅದೇ ಲೆಕ್ಕ. ನಿಮ್ಮದು ಎಳೆಯೋದು ಅದರ ಹತ್ತರಲ್ಲೊಂದು ಪಾಲು. ಬಿಳೀ ಬೆಳಕಿಂದು ತಗೊಳ್ಳಿ, ಟೆಂಟಿನ ಅಳತೆಗೆ ಹೊಂದೋ ಅಗಲವಾದ ಹಲಗೆ, ಕಮ್ಮಿ-ಜಾಸ್ತಿ ಮಾಡೋ ಗುಂಡಿ ಇರಬೇಕು. ಒಂದು ಮಾತು, ಈ ಗಿಡ ಊರಲ್ಲಿ ಎಲ್ಲಿ ಬೆಳೆಯುತ್ತೆ? ಬಿಸಿಲಲ್ಲಾ, ನೆರಳಲ್ಲಾ?"

ಗೊತ್ತಿರಲಿಲ್ಲ. ಲಾವೋಸ್ ಬಿಟ್ಟಾಗ ನಾನು ಅಮ್ಮನ ಬೆನ್ನ ಮೇಲಿದ್ದೆ. ಅಂಗಡಿಯಿಂದಲೇ ಯೂವಾಗೆ ಫೋನ್ ಮಾಡಿದೆ.

"ಮರದ ಕೆಳಗೆ. ತೊರೆ ಪಕ್ಕ. ಮೊದಲೇ ಕೇಳೋಕೇನಾಗಿತ್ತು?"

ಸ್ಪೀಕರ್ ಹಾಕಿದ್ದೆ. ಡಾರೆಲ್‌ಗೆ ನಮ್ಮ ಭಾಷೆ ತಿಳಿಯದು. ಆದರೂ ನಕ್ಕ. "ನಮ್ಮನೇಲೂ ಇದೇ ದನಿ," ಎಂದ.

ಡಿಸೆಂಬರ್ 2

ಹೊಸ ದೀಪ. ತೆಳ್ಳಗಿನ ಬಿಳಿ ಹಲಗೆ. ಎರಡಡಿ ಮೇಲೆ ಕಟ್ಟಿ ಗುಂಡಿಯನ್ನು ಅರ್ಧಕ್ಕಿಂತ ಕಡಿಮೆಗೆ ತಿರುಗಿಸಿಟ್ಟೆ. ಜಿಪ್ಪು ತೆರೆದರೆ ಏಪ್ರಿಲ್ ತಿಂಗಳ ಬೆಳಗು. ಯೂವಾ ಬಟ್ಟೆ ಮಡಚುವುದನ್ನೂ ಈಗ ಅಲ್ಲೇ ಮಾಡುತ್ತಾಳೆ.

ಡಿಸೆಂಬರ್ 9

ಇದ್ದಕ್ಕಿದ್ದಂತೆ ದೀಪ ಆರುತ್ತದೆ. ತಾನೇ ಹತ್ತುತ್ತದೆ. ಮೊದಲು ಟೈಮರ್ ಮೇಲೆ ಅನುಮಾನ — ತೆಗೆದು ನೇರ ಗೋಡೆಗೆ ಸಿಕ್ಕಿಸಿದೆ. ಆಗಲೂ ಅದೇ. ಪ್ಲಗ್ ಬದಲಾಯಿಸಿದೆ. ಅದೇ. ಹೊಸ ದೀಪವೂ ಹಾಳೇ ಎಂದುಕೊಂಡೆ. ಡಾರೆಲ್‌ಗೆ ಫೋನ್.

"ಮೊದಲು ಗೋಡೆಯಿಂದ ಕಿತ್ತುಬಿಡಿ. ಈಗ ಹಲಗೆಗೂ ಅದಕ್ಕೆ ಕರೆಂಟ್ ಕೊಡೋ ಕಪ್ಪು ಡಬ್ಬಿಗೂ ನಡುವೆ ವೈರು ಸೇರೋ ಕಡೆ ನೋಡಿ. ಪೂರ್ತಿ ಒಳಗೆ ಹೋಗಿದೆಯಾ?"

ಹೋಗಿರಲಿಲ್ಲ. ಒತ್ತಿದೆ. ಟಕ್ ಎಂದಿತು. ಮತ್ತೆ ಸ್ವಿಚ್. ಇಡೀ ದಿನ ದೀಪ ಆರಲಿಲ್ಲ. ಕಪ್ಪು ಡಬ್ಬಿಯನ್ನು ಟೆಂಟಿನ ಹೊರಗೆ, ನೀರು ಸಿಡಿಯದ ಕಡೆ ಕಟ್ಟಿದೆ. ಇಷ್ಟಕ್ಕೇ ಇಷ್ಟು ಖುಷಿಯೇ ಎಂದು ನನಗೇ ನಾಚಿಕೆ.

ಡಿಸೆಂಬರ್ 14, ಭಾನುವಾರ

ಫೂವೆ, ಗಾವ್ನೂ ಊಟಕ್ಕೆ ಬಂದಿದ್ದರು. ಗಾವ್ನೂಳ ಜಾಕೆಟ್ ಮೇಲೆ ಸಾರು ಚೆಲ್ಲಿತು. ಮೆಷಿನ್‌ಗೆ ಹಾಕುತ್ತೇನೆ ಎಂದು ಕೆಳಗೆ ಹೋದಳು. ಯೂವಾ ನನ್ನ ಮುಖ ನೋಡಿದಳು, ನಾನು ಅವಳ ಮುಖ. ತಡೆಯುವಷ್ಟರಲ್ಲಿ ಇಳಿದಾಗಿತ್ತು.

ಹಿಂದೆಯೇ ಹೋದೆ. ಟೆಂಟಿನ ಜಿಪ್ಪು ತೆರೆದು ನಿಂತಿದ್ದಳು. ಹೊಟ್ಟೆಯ ಮೇಲೆ ಕೈ.

"ಇದು ನಂಗೇ ಅಲ್ವಾ, ಮಾವ?"

"ಗಿಡ ಸಾಯ್ತಿತ್ತು, ಅದಕ್ಕೆ..."

"ನಾನು ಬೇಡ ಅಂದಿದ್ದೆ. ಒಂದೇ ಒಂದು ಮಾತು ಕೇಳಿದ್ದೆ ನಿಮ್ಮೆಲ್ರನ್ನೂ."

ಧ್ವನಿ ಏರಿಸಲಿಲ್ಲ. ಒದ್ದೆ ಜಾಕೆಟ್ಟನ್ನೇ ತೊಟ್ಟು ಹೊರಟಳು. ಫೂವೆ ಬಾಗಿಲಲ್ಲಿ ಮೆಲ್ಲಗೆ, "ಅಪ್ಪ, ಅವಳಿಗೆ ನಿಮ್ಮ ಮೇಲೆ ಸಿಟ್ಟಲ್ಲ. ಭಯ," ಎಂದ. ಹೊರಗೆ ಕಾರಿನೊಳಗೆ ಅವಳು ಆಗಲೇ ಬೆಲ್ಟು ಹಾಕಿ ಕುಳಿತಿದ್ದಳು.

ಡಿಸೆಂಬರ್ 29

ಎರಡು ಭಾನುವಾರ ಬರಲಿಲ್ಲ. ಫೂವೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಾನೆ. ಡಾಕ್ಟರೂ ಹಾಗೇ ಹೇಳಿದರಂತೆ.

ದೀಪ ಆರಿಸಿಬಿಡೋಣ ಎಂದೆ. ಯೂವಾ ನೀರಿನ ಚೊಂಬನ್ನು ನನ್ನ ಕೈಗಿಟ್ಟಳು. "ಮನುಷ್ಯರ ಸಿಟ್ಟು ಗಿಡಕ್ಕೇನು ಗೊತ್ತು? ಹಾಕಿ ನೀರು."

ಬೆಳಕು ಸರಿಯಿದ್ದರೂ ಲೋಳೆ ಸೊಪ್ಪು ಯಾಕೋ ಮುದುಡಿದೆ. ನೆಲ ಮುಟ್ಟಿ ನೋಡಿದೆ, ಮಂಜುಗಡ್ಡೆ. ಈ ದೀಪ ಹಳೆಯ ಕಾಲದವುಗಳ ಹಾಗೆ ಕಾವು ಕೊಡುವುದಿಲ್ಲ. ತಲೆಯ ಮೇಲೆ ವಸಂತ, ಕಾಲಡಿಯಲ್ಲಿ ಮಿನ್ನೆಸೋಟ! ಕುಂಡಗಳ ಕೆಳಗೆ ದಪ್ಪ ಥರ್ಮಾಕೋಲ್ ಹಾಸಿದೆ.

ಜನವರಿ 6, ಮಂಗಳವಾರ

ಮಧ್ಯಾಹ್ನ ಬೆಲ್ಲು. ಗಾವ್ನೂ ಒಬ್ಬಳೇ. ಹೊರಗೆ ಹಿಮ ಸುರಿಯುತ್ತಿದೆ, ಈ ಸ್ಥಿತಿಯಲ್ಲಿ ಕಾರು ಓಡಿಸಿಕೊಂಡು! ಯೂವಾ ಸಂತೆಗೆ ಹೋಗಿದ್ದಳು. ಅವಳು ಬೂಟು ಬಿಚ್ಚಿ ನೇರ ಕೆಳಗೆ ಇಳಿದಳು. ಸ್ಟೂಲು ಎಳೆದು ಟೆಂಟಿನ ಮುಂದೆ ಕುಳಿತಳು.

"ನಮ್ಮನೇಲಿ ನಾಲ್ಕು ಗಂಟೆಗೇ ಕತ್ತಲೆ, ಮಾವ. ಇಲ್ಲಿ ಸ್ವಲ್ಪ ಕೂತಿರ್ತೀನಿ."

ಕೂತಿರಮ್ಮ, ಎಂದೆ. ನಾನೂ ಬಕೆಟ್ ಬೋರಲು ಹಾಕಿ ಕುಳಿತೆ. ಆಮೇಲೆ ಅವಳೇ ಮಾತು ತೆಗೆದಳು —

"ಕಳೆದ ಸಲ ಎಲ್ಲ ಮೊದಲೇ ತಂದಿಟ್ಟಿದ್ದೆ. ತೊಟ್ಟಿಲು ಕೂಡ. ಆಮೇಲೆ ವಾಪಸ್ ಕೊಡೋಕೆ ಹೋದಾಗ ಕೌಂಟರ್ ಹುಡುಗಿ ಕೇಳಿದ್ಲು — ಕಾರಣ ಏನು, ಸೈಜ್ ಸರಿ ಇಲ್ವಾ, ಬಣ್ಣ ಇಷ್ಟ ಆಗ್ಲಿಲ್ವಾ? ಅವಳದ್ದೇನೂ ತಪ್ಪಿಲ್ಲ. ಕಂಪ್ಯೂಟರಲ್ಲಿ ಏನಾದ್ರೂ ಒತ್ತಬೇಕಲ್ಲ. ಬಣ್ಣ ಅಂದೆ."

ಈ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ಫೂವೆಗೂ ಇಲ್ಲವೇನೋ. ಬಾಯಿಗೆ ಬಂದದ್ದು ಹೇಳಿದೆ:

"ಇದನ್ನ ವಾಪಸ್ ಕೊಡೋ ಹಂಗೇ ಇಲ್ಲ, ತಾಯಿ. ಬೇಡ ಅಂದ್ರೆ ನಾನು, ನಿಮ್ಮತ್ತೆ ಕೋಳಿ ತಂದು ತಿಂದುಬಿಡ್ತೀವಿ. ಯಾರೂ ಕಾರಣ ಕೇಳಲ್ಲ."

ಅವಳು ನಕ್ಕಳು. ನಗುತ್ತಲೇ ಅತ್ತಳು. ನಾನು ಮುಖ ತಿರುಗಿಸಿ ದೀಪದ ಹಗ್ಗ ಬಿಗಿ ಮಾಡುವವನ ಹಾಗೆ ನಟಿಸಿದೆ. ಮೂಗು ಒರೆಸಿಕೊಂಡು ಎದ್ದಳು. ಒಂದು ಕೆಂಪೆಲೆಯನ್ನು ಬೆರಳಿನಿಂದ ಮೇಲೆತ್ತಿದಳು.

"ಅಂಚು ಮೇಲಕ್ಕೆ ಸುರುಟಿಕೊಂಡಿದೆ ನೋಡಿ. ಇವಕ್ಕೆ ಬೆಳಕು ಇನ್ನೂ ಜಾಸ್ತಿ ಆಗ್ತಿದೆ. ಒಂಚೂರು ಕಮ್ಮಿ ಮಾಡ್ಲಾ?"

ಗುಂಡಿಯನ್ನು ಅವಳೇ ತಿರುಗಿಸಿದಳು.

ಜನವರಿ 20

ಮಂಗಳವಾರ ಬಂತೆಂದರೆ ಗಾವ್ನೂ ಬರುತ್ತಾಳೆ. ಸ್ಟೂಲು ಹೋಗಿ ಈಗ ಒರಗುವ ಕುರ್ಚಿ ಬಂದಿದೆ. ಕಾಲಿಗೆ ದಿಂಬು, ಅತ್ತೆಯ ಏರ್ಪಾಡು. ಸುರುಟಿದ್ದ ಎಲೆಗಳು ಬಿಡಿಸಿಕೊಂಡಿವೆ. ಹುಲ್ಲಿನ ಬುಡದಲ್ಲಿ ಮರಿಗಳು. ಯೂವಾ ಕಡ್ಡಿ ಮುರಿದು ನೆಡುವುದನ್ನು ತೋರಿಸಿದಳು. ಗಾವ್ನೂ ಆರು ಕುಂಡ ನೆಟ್ಟಳು. ಮಗುವಿನ ಮಾತು ಮಾತ್ರ ಎತ್ತುವುದಿಲ್ಲ. ನಾವೂ ಎತ್ತುವುದಿಲ್ಲ. ಹೊಟ್ಟೆ ಎದುರಿಗೇ ಇದೆ, ಗುಡ್ಡದ ಹಾಗೆ.

ಫೆಬ್ರವರಿ 3

ಇವತ್ತು ಹೊರಡುವಾಗ ಬಾಗಿಲಲ್ಲಿ ನಿಂತು, "ಅತ್ತೆ, ಆ ಸಾರಿಗೆ ಮೆಣಸು ಹಾಕ್ತೀರಾ?" ಎಂದು ಕೇಳಿದಳು. ಯೂವಾ ಏನೂ ಆಗದವಳಂತೆ, "ಕರಿ ಮೆಣಸು. ಸ್ವಲ್ಪ," ಎಂದಳು. ಕಾರು ತಿರುವು ದಾಟಿದ ಮೇಲೆ ಅಡುಗೆಮನೆಯಲ್ಲಿ ನಿಂತು ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಫೆಬ್ರವರಿ 9, ಸೋಮವಾರ

ಫೂವೆ ಫೋನು. ಆಸ್ಪತ್ರೆಗೆ ಹೊರಟಿದ್ದಾರೆ. ದಿನ ಇನ್ನೂ ಇತ್ತು! ಯೂವಾ ಕೋಳಿ ತರಲು ಓಡಿದಳು. ನಾನು ಕೆಳಗೆ ಹೋಗಿ ಸುಮ್ಮನೆ ನಿಂತೆ. ಗಿಡ ಇನ್ನೂ ಮೊಣಕೈ ಎತ್ತರ. ತಿಂಗಳಿಡೀ ಸಾರಿಗೆ ಸಾಲದು. ಬೇಗ, ಬೇಗ, ಎಂದೆ — ಗಿಡಕ್ಕೋ ಯಾರಿಗೋ.

ಫೆಬ್ರವರಿ 10

ಹೆಣ್ಣು. ಸಣ್ಣದು. ಅಳುವುದು ಮಾತ್ರ ಕಟ್ಟಡಕ್ಕೇ ಕೇಳುವಂತೆ. ತಾಯಿ ಕ್ಷೇಮ.

ಫೆಬ್ರವರಿ 12

ಮಗುವಿಗೆ ಕಾಮಾಲೆ. ಭಯವೇನಿಲ್ಲ, ಬೇಗ ಹುಟ್ಟಿದವಕ್ಕೆ ಬರುತ್ತದೆ ಎಂದರು. ದೀಪದ ಕೆಳಗೆ ಮಲಗಿಸಿದ್ದಾರೆ. ನೀಲಿ ಬೆಳಕು. ಕಣ್ಣಿಗೆ ಪುಟ್ಟ ಪಟ್ಟಿ, ಮೈಗೆ ಬರೀ ಡೈಪರ್. ನಾಲ್ಕು ಬೆರಳಗಲದ ಎದೆ ಏರುತ್ತಿದೆ, ಇಳಿಯುತ್ತಿದೆ.

ನರ್ಸಮ್ಮನನ್ನು ಕೇಳಿದೆ: "ಈ ದೀಪ ಎಷ್ಟು ಎತ್ತರದಲ್ಲಿರಬೇಕು? ಜಾಸ್ತಿ ಆಗ್ತಿಲ್ವಾ? ವೈರು ಪೂರ್ತಿ ಒಳಗೆ ಹೋಗಿದೆಯಾ ನೋಡಿದ್ರಾ?"

ಅವರು ಗಾಬರಿಯಾದರು. "ಸಾರ್, ನೀವು ಡಾಕ್ಟರಾ?"

ಗಾಲಿ ಕುರ್ಚಿಯಲ್ಲಿದ್ದ ಗಾವ್ನೂ ನನ್ನ ಅಂಗಿ ಜಗ್ಗಿದಳು. "ಮಾವ, ಬಿಡಿ, ಎತ್ತರ ಸರಿಯಾಗೇ ಇದೆ. ಅವಳು ಸುರುಟಿಕೊಂಡಿಲ್ಲ ನೋಡಿ." ಹೊಲಿಗೆ ನೋಯುತ್ತದೆ, ನಗಿಸಬೇಡಿ ಎಂದು ಮತ್ತೆ ನಕ್ಕಳು. ಯೂವಾ ಫ್ಲಾಸ್ಕಿನಿಂದ ಸಾರು ಬಗ್ಗಿಸಿದಳು. ಕೋಣೆಯೆಲ್ಲ ಆ ಹುಲ್ಲಿನ ಘಮ. ಗಾವ್ನೂ ಮೊದಲ ಗುಟುಕಿಗೆ ಮುಖ ಕಿವುಚಿದಳು.

"ಇಷ್ಟು ಕಹಿಯಾ?"

"ಕುಡಿ, ಕುಡಿ. ನಿನ್ನ ಗಂಡನ್ನ ಹೆತ್ತಾಗ ನಾನೂ ಹಿಂಗೇ ಅಂದಿದ್ದೆ."

ಬಟ್ಟಲು ಖಾಲಿ ಮಾಡಿ ಮತ್ತೆ ಚಾಚಿದಳು.

ಫೆಬ್ರವರಿ 16

ನಿನ್ನೆ ಮನೆಗೆ ಕರೆತಂದೆವು. ಹಳದಿ ಇಳಿದಿದೆ. ತಿಂಗಳು ಪೂರ್ತಿ ಇಲ್ಲೇ. ಸೊಪ್ಪಿನ ಲೆಕ್ಕಾಚಾರ ಯೂವಾಳದು — ಒಂದು ಕುಂಡದಿಂದ ಇವತ್ತು, ಇನ್ನೊಂದರಿಂದ ನಾಳೆ, ಕೊಯ್ದದ್ದು ಚಿಗುರುವಷ್ಟು ಸಮಯ ಕೊಡುವುದು. ಗಾವ್ನೂ ನೆಟ್ಟ ಕಡ್ಡಿಗಳೂ ಎಲೆ ಬಿಟ್ಟಿವೆ. ಸಾಲುತ್ತದೆ ಅನ್ನಿಸುತ್ತಿದೆ. ಸಾಲದಿದ್ದರೆ ಫ್ರೀಜರ್ ಸೊಪ್ಪೂ ಆಗುತ್ತದೆ ಎಂದು ಈಗ ಯೂವಾಳೇ ಹೇಳುತ್ತಿದ್ದಾಳೆ! ಶನಿವಾರ ಮಗುವಿನ ಆತ್ಮವನ್ನು ಮನೆಯೊಳಗೆ ಕರೆಯುವ ಶಾಸ್ತ್ರ, ನೆಂಟರೆಲ್ಲ ಬರುತ್ತಾರೆ. ಗಾವ್ನೂ ಬೆಳಿಗ್ಗೆ ಫೂವೆಗೆ, ತೊಟ್ಟಿಲು ತಗೊಂಡು ಬಾ, ಯಾವ ಬಣ್ಣ ಆದ್ರೂ ಪರವಾಗಿಲ್ಲ, ಎಂದಳು. ಅವನು ಬಣ್ಣ ಯಾಕೆ ಎಂದು ಕೇಳಲಿಲ್ಲ. ಓಡಿದ.

ಈಗ ಮಧ್ಯಾಹ್ನ. ಕೆಳಗೆ ಒರಗುವ ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಾಳೆಗೆ ಕೊಯ್ಯಬೇಕಾದ ಕುಂಡದ ಮಣ್ಣನ್ನು ಈಗಷ್ಟೇ ಕೈಯಿಂದ ಸಡಿಲಿಸಿದೆ. ಮೇಲೆ ಮಗು ಎದ್ದಂತಿದೆ. ಹೌದು, ಎದ್ದಿತು. ಯೂವಾ ಕೂಗುತ್ತಿದ್ದಾಳೆ: "ಅಜ್ಜಾ! ಏ ಅಜ್ಜಾ! ನನ್ನ ಕೈ ಖಾಲಿ ಇಲ್ಲ, ಬಂದು ಎತ್ಕೊಳ್ಳಿ!"

ಅಜ್ಜ ಅಂದರೆ ಯಾರು ಎಂದು ಒಂದು ಕ್ಷಣ... ಫೂವೆ ಅಪ್ಪನೇ ಈಗ ಅಜ್ಜ! ಕೈಯೆಲ್ಲ ಮಣ್ಣು. ತೊಳೆದು, ಮಗುವನ್ನು ಎತ್ತಿಕೊಂಡು ಬಂದು ಉಳಿದದ್ದು ಬರೆ—